ಬೂ ಅಂದವರು, ಥೂ ಅಂದವನು

ಜನವರಿ 18, ಭಾನುವಾರ

ಆ "ಬೂ" ಇನ್ನೂ ಕಿವಿಯಿಂದ ಹೋಗಿಲ್ಲ. ಸಂತೆಬಾಚಹಳ್ಳಿಯ ಕಬಡ್ಡಿಯಲ್ಲಿ ನಾನು ಯಾರನ್ನೂ ಮುಟ್ಟದೆ ವಾಪಸ್ಸು ಬಂದಿದ್ದೆ. ಇಬ್ಬರನ್ನು ಮುಟ್ಟಿದೆನೆಂದು ಅಂಪೈರು ಎರಡು ಪಾಯಿಂಟು ಕೊಟ್ಟರು. "ಮುಟ್ಟಿಲ್ಲ ಸಾರ್" ಅಂದುಬಿಟ್ಟೆ. ಒಂದೇ ಪಾಯಿಂಟಿನಲ್ಲಿ ಸೋತೆವು. ನಮ್ಮೂರಿನವರೇ ಟೀವಿಯಲ್ಲಿ ಕಲಿತ ಹಾಗೆ "ಬೂ" ಎಂದು ಕೂಗಿದರು. ಕ್ಯಾಪ್ಟನ್ ಚಲುವರಾಜು ಒಬ್ಬನೇ ಬೈಕು ಹತ್ತಿ ಹೊರಟ. ನಾನು ಸ್ಕೂಲು ಬಿಟ್ಟ ಮೇಲೂ ನನ್ನನ್ನು ಬಿಡದ ಗೆಳೆಯ ಅವನೊಬ್ಬನೇ.

ಮೊಬೈಲಿನಲ್ಲಿ ಹುಡುಕಿದೆ. ಇಂಗ್ಲಿಷಿನ ಆ ಬೂ ದನ ಕೂಗುವ ಸದ್ದಿನಿಂದ ಬಂದದ್ದಂತೆ. ಅಜ್ಜಿಗೆ ಹೇಳಿದೆ. "ದನ ಕೂಗುದ್ರೆ ಹುಲ್ಲೋ ನೀರೋ ಕೇಳ್ತದೆ ಕಣ್ಲಾ. ಅದ್ಯಾರ್ ಮಾನ ಕಳೀತದೆ?" ಎಂದಳು. ನಗು ಬಂತು. ಆದರೂ ಊಟ ಸೇರಲಿಲ್ಲ.

ಕತ್ತಲಾದ ಮೇಲೆ ಚಲುವ ಬಾಗಿಲಿಗೆ ಬಂದ.

"ಥೂ ನಿನ್ ಮಕಕ್ಕೆ! ಗೆದ್ದಿದ್ ಆಟವ ಬುಟ್ಕೊಟ್‌ಬುಟ್ಯಲ್ಲೋ."

"ಮುಟ್ಟಿರ್ಲಿಲ್ಲ ಕಣ್ಲಾ."

"ಗೊತ್ತು ಬುಡ್ಲಾ. ನಾಗಮಂಗಲದ ಮ್ಯಾಚಿಗೆ ಬತ್ತೀಯೋ ಇಲ್ವೋ, ಅಷ್ಟು ಯೋಳು."

ಬೂ ಅನ್ನುವುದಕ್ಕೆ ಗುಂಪು ಬೇಕು. ಇವನು ಥೂ ಅನ್ನಲು ಒಬ್ಬನೇ ಮನೆತನಕ ಬಂದನಲ್ಲ.

"ಬತ್ತೀನಿ. ಅಲ್ಲೂ ಮುಟ್ದಿದ್ರೆ ಮುಟ್ಟಿಲ್ಲ ಅಂತೀನಿ" ಅಂದೆ.

ಇನ್ನೊಂದು ಸಲ ಥೂ ಅಂದು ಊಟಕ್ಕೆ ಕೂತ. ಆಗ ನನಗೂ ಹಸಿವಾಯಿತು.