ಗ್ಯಾಸ್ ಇದ್ದೂ ಹಚ್ಚದ ಒಲೆ

ಅರಳಗುಪ್ಪೆ
೧೬ ಫೆಬ್ರವರಿ ೨೦೦೩

ಪ್ರೀತಿಯ ರೀ,

ಹೆಸರು ಬರೆಯಲು ಇವತ್ತಿಗೂ ಕೈ ಬರುವುದಿಲ್ಲ, ‘ರೀ’ ಎಂದರೆ ನೀವೇ ಎಂದು ತಿಳಿದುಕೊಳ್ಳಿ. ಆರೋಗ್ಯ ತಾನೆ? ವೀಕ್ಷಣಾಲಯದ ಬೆಟ್ಟದ ಮೇಲೆ ಚಳಿ ಜಾಸ್ತಿ ಅಂತೀರಿ, ಮಫ್ಲರ್ ಕಟ್ಟಿಕೊಳ್ಳುತ್ತೀರೋ ಇಲ್ಲವೋ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಾನು ಇದ್ದೀನಿ.

ನಿಮ್ಮ ಕಾಗದ ಬಂದಾಗ ಅಟ್ಟದಿಂದ ಇಳಿಸಿದ ಕೊಬ್ಬರಿಯ ಚಿಪ್ಪು ಬಿಡಿಸುತ್ತಾ ಕೂತಿದ್ದೆವು. ಅತ್ತೆ ಗಟ್ಟಿಯಾಗಿ ಓದು ಅಂದರು, ಓದಿದೆ. ಬಹಳ ದೂರದ ಕೆಲವು ಗೆಲಾಕ್ಸಿಗಳು ಹೊಸ ನಕ್ಷತ್ರ ಹುಟ್ಟಿಸುವುದನ್ನು ಎಂದೋ ನಿಲ್ಲಿಸಿವೆಯಂತೆ. ಸಾಮಾನೆಲ್ಲ ಖರ್ಚಾಗಿರಬೇಕು ಎಂದುಕೊಂಡರೆ ಕೆಲವುಗಳಲ್ಲಿ ತಣ್ಣಗಿನ ಗ್ಯಾಸೂ ಧೂಳೂ ಇನ್ನೂ ಉಳಿದಿವೆ. ಆದರೂ ಯಾಕೆ ಹುಟ್ಟುತ್ತಿಲ್ಲವೋ ನಿಮ್ಮ ವಿಜ್ಞಾನಿಗಳಿಗೂ ಸರಿಯಾಗಿ ಗೊತ್ತಿಲ್ಲ ಅಂತ ಬರೆದಿದ್ದಿರಿ. ಪಕ್ಕದ ಮನೆ ಲಕ್ಷ್ಮಕ್ಕ ಸಿಲಿಂಡರ್ ಬುಕ್ ಮಾಡಿ ಕಾಯುತ್ತಿದ್ದಾಳಲ್ಲ, ‘ಅಲ್ಲ ಕಣೇ, ಗ್ಯಾಸ್ ಐತಂತೆ, ಒಲೆ ಹಚ್ಚಕ್ಕೆ ಏನ್ ಧಾಡಿ ಅವ್ಕೆ?’ ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಅತ್ತೆ ನನ್ನ ಹೊಟ್ಟೆ ಕಡೆ ನೋಡಿ, ‘ನಮ್ಮನೇಲೂ ಅಂಗೇ ಬುಡು, ಎಲ್ಲಾ ಐತೆ, ಹುಟ್ಟದೊಂದಿಲ್ಲ’ ಅಂದರು. ಮತ್ತೆ ಯಾರೂ ನಗಲಿಲ್ಲ.

ನೀವು ಬೇಕಂತ ಬರೆದಿಲ್ಲ, ಗೊತ್ತು. ಆದರೆ ಅವತ್ತಿನಿಂದ ನಲ್ಲಿ ಹತ್ತಿರ ನನಗೆ ‘ಗ್ಯಾಸ್ ಒಲೆ’ ಅಂತಲೇ ಹೆಸರು. ಸೋಮವಾರದ ಉಪವಾಸ, ಅರಳಿಮರದ ಪ್ರದಕ್ಷಿಣೆ, ಕೆಂಕೆರೆಯ ನಾಟಿ ಔಷಧಿ, ಎಲ್ಲಾ ಆಯಿತು. ಆ ಕಷಾಯದ ಕಹಿ ಇನ್ನೂ ನಾಲಿಗೆ ಬಿಟ್ಟಿಲ್ಲ. ಸಾಕಾಗಿದೆ ರೀ, ಅಳುವುದಕ್ಕೂ ಸುಸ್ತು. ನಿಮ್ಮ ಕಾಗದದಲ್ಲಿ ಒಂದು ಮಾತ್ರ ಇಷ್ಟವಾಯಿತು. ನಿಮ್ಮವರು ಆ ಗೆಲಾಕ್ಸಿಗಳನ್ನು ಬಂಜೆ ಅಂತ ಬೈಯದೆ, ಯಾಕಿರಬಹುದು ಎಂದು ನೋಡುತ್ತಾ ಕೂತಿದ್ದಾರಲ್ಲ, ಅದು.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಲಕ್ಷ್ಮಕ್ಕ ಕೇಳಿದಳು ಅಂತ ತಿಳಿಯಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಧನಲಕ್ಷ್ಮಿ

ಹಾಂ, ಕವರ್ ಅಂಟಿಸುವ ಮುಂಚೆ: ಹೋದ ವಾರ ಅತ್ತೆಗೆ ತಿಳಿಯದಂತೆ ತಿಪಟೂರಿನಲ್ಲಿ ಡಾಕ್ಟರಮ್ಮನಿಗೆ ತೋರಿಸಿದೆ. ‘ನಿನ್ನಲ್ಲಿ ಯಾವ ಕೊರತೇನೂ ಇಲ್ಲ ಕಣಮ್ಮ, ಯಜಮಾನ್ರನ್ನ ಕರ್ಕೊಂಡು ಬಾ, ಅವರನ್ನೂ ಪರೀಕ್ಷೆ ಮಾಡಬೇಕು’ ಅಂದರು. ಅಷ್ಟು ದೂರದ್ದನ್ನೆಲ್ಲ ನೋಡುವವರು, ಇದಕ್ಕೊಂದು ದಿನ ರಜಾ ಹಾಕಿ ಬನ್ನಿ. ಇನ್ನೂ ಯಾರಿಗೂ ಹೇಳಿಲ್ಲ. ನಿಮ್ಮ ಮರ್ಯಾದೆ ಹೋಗಬಾರದು ಅಂತ ನಾನೇ ಅನ್ನಿಸಿಕೊಳ್ಳುತ್ತಿದ್ದೀನಿ. ಬಹಳ ದಿನ ನನ್ನ ಕೈಲಿ ಆಗುವುದಿಲ್ಲ ಕಣ್ರೀ.