ನೀಲಿ ಹರಳು

ಕುರುಗೋಡು, ಬುಧವಾರ

ನನ್ನ ಮುದ್ದಿನ ಅಪ್ಪಾಜಿ,

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಪತ್ರ. ನಾವಿಬ್ಬರೂ ಸೇರಿ ಕೂಡಿಸಿದ ಬಣ್ಣದ ಉಪ್ಪಿನ ಹರಳುಗಳಲ್ಲಿ ನೀಲಿಯದು ಗಾಂಧಿನಗರದ ನಮ್ಮ ಮನೆಯಲ್ಲೇ ಉಳಿಯಿತಲ್ಲ, ಅದು ನನಗೆ ಬೇಕು.

ಸಿರುಗುಪ್ಪ ರಸ್ತೆಯ ಆ ಅಪಘಾತಕ್ಕೆ ಮೊದಲು, ಮದುವೆಯಾದ ಹದಿನೆಂಟು ದಿನ ನಾನೂ ಅಮರೇಶ್ ಅವರೂ ಎಷ್ಟು ನಕ್ಕಿದ್ದೆವು ಗೊತ್ತಾ! ಈಗ ಅವರು ಕಣ್ಣೇ ಬಿಡುತ್ತಿಲ್ಲ. ಡಾಕ್ಟರು ಮನೆಗೆ ಕಳಿಸಿದ ಸಂಜೆ ಅತ್ತೆ ದೃಷ್ಟಿ ತೆಗೆಯಲು ಹೋದರೆ ಅಡುಗೆಮನೆಯಲ್ಲಿ ಪುಡಿ ಉಪ್ಪಷ್ಟೇ ಇತ್ತು.

“ಹರಳುಪ್ಪು ಇಲ್ದಿದ್ರ ದಿಷ್ಟಿ ಹೋಗಂಗಿಲ್ಲವ್ವ” ಎಂದರು. ನಾನು ಓಡಿಹೋಗಿ ನನ್ನ ಡಬ್ಬಿಯ ಗುಲಾಬಿ ಹರಳು ಕೊಟ್ಟೆ. ಅದನ್ನು ನಿವಾಳಿಸಿ ನೀರಿಗೆ ಹಾಕಿದಾಗ ಅಮರೇಶ್ ಅವರ ಬೆರಳು ಅಲುಗಿತು ಅಪ್ಪಾ, ನಿಜವಾಗಲೂ ಅಲುಗಿತು! ನಾನು ಕುಣಿದುಬಿಟ್ಟೆ.

ಮರುದಿನ ಬ್ರೂಸ್‌ಪೇಟೆಯಿಂದ ಹರಳುಪ್ಪು ತರಿಸಿದರು. ಬೆರಳು ಅಲುಗಲಿಲ್ಲ. ಆಮೇಲೆ ದಿನಕ್ಕೊಂದರಂತೆ ನನ್ನ ಹಳದಿ, ಕೆಂಪು, ನೇರಳೆ ಹರಳುಗಳನ್ನೆಲ್ಲ ಕೊಟ್ಟೆ. ಆಗಲೂ ಅಲುಗಲಿಲ್ಲ. ನಿನ್ನೆ ಡಬ್ಬಿ ಖಾಲಿಯಾಯಿತು. ನೀಲಿಯದೊಂದು ಇದೆ, ತರಿಸುತ್ತೇನೆ ಎಂದರೆ ಅತ್ತೆ ನನ್ನ ಕೈ ಹಿಡಿದುಕೊಂಡು, “ಸಾಕು ಬಿಡವ್ವ. ಅದನ್ನರ ನೀನು ಇಟ್ಕೋ” ಎಂದರು.

ಹೆತ್ತ ತಾಯಿ ಹಾಗೆನ್ನಬಹುದೇ?

ಉಪ್ಪಿಗೆ ಬಣ್ಣ ಹೇಗೆ ಬರುತ್ತದೆಂದು ನೀವೇ ಕಲಿಸಿದ್ದೀರಿ. ಪ್ಲೀಸ್, ಈಗ ಮತ್ತೆ ವಿವರಿಸಬೇಡಿ. ಹರಳನ್ನು ಒಣ ಬಟ್ಟೆಯಲ್ಲಿ ಸುತ್ತಿ, ಈ ಪತ್ರ ತಂದ ಮಾವನವರ ಕೈಯಲ್ಲೇ ಕೊಡಿ. ದೀಪ ಹಚ್ಚುವ ಹೊತ್ತಿಗೆ ಅವರು ಇಲ್ಲಿರಬೇಕು.

ಇವತ್ತು ನಾನೇ ನಿವಾಳಿಸುತ್ತೇನೆ.

ನಿಮ್ಮ
ಅಂಜನಾ