ಮೌನಕ್ಕೆ ಜಾಗವಿಲ್ಲ

ಭಾನುವಾರ, ೧೪ ಜುಲೈ

ಪ್ರೀತಿಯ ಗುಬ್ಬಿ,

ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದಿದ್ದಕ್ಕೆ ಕಿವಿ ಹಿಂಡುತ್ತಿದ್ದೇನೆ, ನನ್ನದೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನಾನು ಒಂದು ಗಳಿಗೆ ಸುಮ್ಮನಾದರೆ ನೀನು "ಅಪ್ಪಾ, ಕೇಳಿಸ್ತಿದೆಯಾ?" ಎಂದು ಕೂಗುತ್ತೀ. ಕಾಗದಕ್ಕೆ ಅಷ್ಟು ಅವಸರವಿಲ್ಲ.

ದೊಡ್ಡ ಸುದ್ದಿ ಏನೆಂದರೆ, ನಿನ್ನ ಅಪ್ಪ ಈಗ ಇಬ್ಬರಾಗಿದ್ದಾನೆ. ಒಬ್ಬ ಬಸ್ಸು ಹಿಡಿದು ಬೆವರೊರೆಸುತ್ತ ಕಾಲೇಜಿಗೆ ಹೋಗುವವನು. ಇನ್ನೊಬ್ಬ ಇಸ್ತ್ರಿ ಅಂಗಿ ತೊಟ್ಟು ಪರದೆಯೊಳಗೆ ಹಗಲಿರುಳೂ ತತ್ವಶಾಸ್ತ್ರ ಹೇಳುವವನು. ವಿದ್ಯಾರ್ಥಿಗಳಿಗೆ ಎರಡನೆಯವನೇ ಅಚ್ಚುಮೆಚ್ಚು. ಅವನ ಬಾಯಿ ಮುಚ್ಚಿಸಬಹುದು, ಅವನನ್ನು ಓಡಿಸಲೂಬಹುದು. ಮೊನ್ನೆ ಮೆಟ್ಟಿಲ ಬಳಿ ವಿದ್ಯಾರ್ಥಿನಿಯೊಬ್ಬಳು ಕನಿಕರದಿಂದ ನೋಡಿ, "ಸರ್, ನೀವು ನಿಜವಾಗ್ಲೂ ಇಷ್ಟು ನಿಧಾನವಾಗಿ ಮಾತಾಡ್ತೀರಾ? ಮೈಗೆ ಹುಷಾರಿಲ್ವಾ?" ಎಂದಳು. ಪಾಪ, ವರ್ಷವಿಡೀ ನನ್ನನ್ನು ದುಪ್ಪಟ್ಟು ವೇಗದಲ್ಲೇ ಕೇಳಿದವಳು.

ನನ್ನ ಚಾಳಿ ನಿನಗೆ ಗೊತ್ತು: ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದು. ಹೋದ ವರ್ಷ ಕಾಲೇಜಿನ ಲ್ಯಾಪ್‌ಟಾಪ್ ಮುಂದೆ ಮನೆಯಲ್ಲೇ ಕೂತು ಪಾಠ ರೆಕಾರ್ಡ್ ಮಾಡಿದಾಗಲೂ ಗೋಡೆಗೆ ಪ್ರಶ್ನೆ ಕೇಳಿ, ಅದು ಯೋಚಿಸಲೆಂದು ಕಾದಿದ್ದೇನೆ. ಆ ಪಾಠಗಳನ್ನು ತಿದ್ದುವವಳಿಗೆ ನಾನಿಟ್ಟ ಹೆಸರು ಕತ್ತರಿ ಮೇಡಂ. ಅವಳ ಯಂತ್ರ ಮೌನ ಕಂಡಲ್ಲೆಲ್ಲ ಕಚಕ್ ಎನ್ನುತ್ತದೆ. ಈಗ ಪರದೆಯ ಮೇಲೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಅದರ ಹಿಮ್ಮಡಿ ತುಳಿಯುತ್ತದೆ.

"ನಿಮ್ಮ ಪಾಠದಲ್ಲಿ ಮೌನ ಜಾಸ್ತಿ ಸರ್. ಹುಡುಗ್ರು ಅಲ್ಲೇ ಬಿಟ್ಟು ಹೋಗ್ತಾರೆ."

"ತರಗತೀಲಿ ಅವರು ನಿದ್ದೆ ಹೋಗ್ತಿದ್ದದ್ದೂ ಅಲ್ಲೇ ಕಣಮ್ಮ, ಎಚ್ಚರ ಆಗ್ತಿದ್ದದ್ದೂ ಅಲ್ಲೇ."

ಅವಳು ನಕ್ಕು, ತಿಂಗಳ ಕೊನೆಗೆ ಮೂಲಪ್ರತಿಗಳನ್ನೆಲ್ಲ ಅಳಿಸುತ್ತಾರೆ ಎಂದಳು. ನಾನು ಬೇಡಿಕೊಂಡೆ: "ಉಳಿದದ್ದೆಲ್ಲ ಹೋಗ್ಲಿ, ಕನಸಿನ ಪಾಠದ ಮೂಲ ಒಂದು ಕೊಡಮ್ಮ." ಅವಳು ಪ್ರಿನ್ಸಿಪಾಲರ ಕಡೆ ಕೈ ತೋರಿಸಿದಳು. ಅವರು, "ಮಾತಿಗೇ ಜಾಗ ಸಾಲ್ತಿಲ್ಲ ಮೇಷ್ಟ್ರೇ, ಮೌನಕ್ಕೆ ಎಲ್ಲಿಂದ ತರೋಣ?" ಎಂದರು. ಅದು ತತ್ವಶಾಸ್ತ್ರವೋ ತಿರಸ್ಕಾರವೋ ತಿಳಿಯದೆ ಹೊರಬಂದೆ.

ಖಾಲಿ ತರಗತಿಯೊಂದರ ಪರದೆಯಲ್ಲಿ ಎರಡನೆಯ ನಾನು ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಕೂತೆ. ಬಿಸಿಲು ಒಂದೊಂದೇ ಡೆಸ್ಕಿನ ಮೇಲೆ ಹಾಜರಿ ಹಾಕುತ್ತ ಬಂತು. ಕಣ್ಣು ಎಳೆಯಿತು. ಕತ್ತರಿಸಿದ ಮೌನಗಳೆಲ್ಲ ತಡವಾಗಿ ಬಂದ ಮಕ್ಕಳಂತೆ ಬಾಗಿಲಲ್ಲಿ ನಿಂತಿದ್ದವು. ಒಳಗೆ ಬನ್ನಿ ಎಂದೆ. ಸದ್ದಿಲ್ಲದೆ ಬಂದು ಬೆಂಚು ತುಂಬಿದವು, ನನ್ನನ್ನೇ ನೋಡಿದವು. ಅಷ್ಟು ಶ್ರದ್ಧೆಯ ತರಗತಿ ನನಗೆ ಎಂದೂ ಸಿಕ್ಕಿರಲಿಲ್ಲ.

"ಸರ್, ನಿಮ್ಮ ಪಾಠಕ್ಕೆ ನೀವೇ ಗೊರಕೆ ಹೊಡೀತಿದ್ರಿ." ಪಕ್ಕದಲ್ಲಿ ಕತ್ತರಿ ಮೇಡಂ. ಒಂದು ಪೆನ್‌ಡ್ರೈವ್ ಅಂಗೈಗಿಟ್ಟಳು. "ಪೂರ್ತಿ ಕೇಳಿದೆ ಸರ್. ಪ್ರಿನ್ಸಿಪಾಲರಿಗೆ ನಾನು ಹೇಳ್ಕೋತೀನಿ." ಕಣ್ಣು ತಪ್ಪಿಸಿ ಹೊರಟುಹೋದಳು.

ನೀನು ಹೊತ್ತುಹೊತ್ತಿಗೆ ಊಟ ಮಾಡು. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಬೆನ್ನಿಗಿದೆ, ಯಾವ ವೇಗದಲ್ಲಿ ಓಡಿದರೂ.

ನಿನ್ನ ನಿಧಾನದ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಅಮ್ಮ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ, ನಾನು ಊರೆಲ್ಲ ಸುತ್ತಿ ಬಂದೆ. ಲಕ್ವ ಕಸಿದುಕೊಂಡ ಮಾತು ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆ ಕನಸಿನ ಪಾಠದಲ್ಲಿ "ಇದೆಲ್ಲ ಕನಸಲ್ಲವೆಂದು ತಿಳಿಯುವುದು ಹೇಗೆ?" ಎಂದು ಕೇಳಿ ನಾನು ಸುಮ್ಮನಾದಾಗ ಅಡುಗೆಮನೆಯಿಂದ ಅವಳು ಕೂಗಿದ್ದಳು: "ಬಂದು ಹಾಲು ಇಳಿಸಿ, ಗೊತ್ತಾಗುತ್ತೆ!" ಯಂತ್ರಕ್ಕೆ ಅದು ಬರೀ ದೂರದ ಸದ್ದು. ನಮಗೆ ಉಳಿದಿರುವ ಅವಳ ದನಿ ಅಷ್ಟೇ.

ಇವತ್ತು ಅವಳ ಪಕ್ಕ ಕೂತು ಆ ಪೆನ್‌ಡ್ರೈವ್ ಹಾಕಿದೆ. ಯಾರೋ ಬಂದರೆಂಬಂತೆ ಅಡುಗೆಮನೆಯ ಕಡೆ ತಿರುಗಿದಳು. ಆಮೇಲೆ ನನ್ನ ತೋಳು ಜಗ್ಗಿದಳು, ಮತ್ತೆ ಮತ್ತೆ. ನಾನು ಪೆದ್ದನಂತೆ ಅವಳ ಮುಖವನ್ನೇ ನೋಡುತ್ತಿದ್ದೆ. ಒಲೆಯ ಮೇಲೆ ನಾನಿಟ್ಟು ಮರೆತಿದ್ದ ಹಾಲು ಉಕ್ಕುತ್ತಿತ್ತು. ಓಡಿಹೋಗಿ ಇಳಿಸಿದೆ.

ಕನಸಲ್ಲ ಗುಬ್ಬಿ. ಬೆರಳು ಇನ್ನೂ ಉರಿಯುತ್ತಿದೆ.